ಅಕ್ರೋಟು ನೆನೆಸಿದ ನೀರು

ನಲವತ್ತನೆಯ ಕಾಯಿ ಹೆರೆಯುವಾಗ ಅರ್ಗಿರೋಳ ಕೈಗವಸು ಹರಿಯಿತು. ಅದನ್ನು ಬದಿಗೆಸೆದು ಬರಿಗೈಯಲ್ಲೇ ಮುಂದುವರಿಸಿದಳು. ಎಳೆ ಅಕ್ರೋಟಿನ ಕಪ್ಪು ಕಲೆ ಇನ್ನು ಹದಿನೈದು ದಿನ ಬೆರಳು ಬಿಡುವುದಿಲ್ಲ. ಇರಲಿ, ಗಂಡ ತೀರಿಕೊಂಡ ಈ ನಾಲ್ಕು ವರ್ಷ ಮೈಮೇಲಿನ ಬಟ್ಟೆಯೂ ಕಪ್ಪೇ.

ಜೂನ್ ತಿಂಗಳಲ್ಲಿ, ಒಳಗೆ ಚಿಪ್ಪು ಗಟ್ಟಿಯಾಗುವ ಮೊದಲೇ ಕಾಯಿ ಕಿತ್ತು, ಹೆರೆದು, ವಾರವಿಡೀ ನೆನೆಹಾಕಬೇಕು. ಬೆಳಿಗ್ಗೆ, ಸಂಜೆ ನೀರು ಬದಲಿಸಬೇಕು. ಒಂದು ಹೊತ್ತು ತಪ್ಪಿದರೂ ಕಹಿ ಉಳಿಯುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ ಎಂದು ಅತ್ತೆ ಮೊರ್ಫುಲಾ ಹೇಳಿಕೊಟ್ಟಿದ್ದಳು.

ಶನಿವಾರ ಮಧ್ಯಾಹ್ನ ಕ್ಲಿಯೋ ಮತ್ತು ಅವಳ ಗಂಡ ಸಮುದ್ರದಿಂದ ಹಿಂದಿರುಗಿದರು. ಎಂಟು ವರ್ಷದಿಂದ ಪ್ರತಿ ಜೂನಿನಲ್ಲೂ ಲಾರಿಸಾ ಪಟ್ಟಣದಿಂದ ಬಂದು, ಮಹಡಿಯ ಬಾಡಿಗೆ ಕೋಣೆಗಳಲ್ಲೊಂದರಲ್ಲಿ ಎರಡು ರಾತ್ರಿ ಇದ್ದು ಹೋಗುವವರು. ಅರ್ಗಿರೋ ಕೈ ತೊಳೆದು, ಹೋದ ವರ್ಷ ಸಕ್ಕರೆ ಪಾಕದಲ್ಲಿ ಹಾಕಿಟ್ಟ ಅಕ್ರೋಟು ಸಿಹಿಯನ್ನು ಪುಟ್ಟ ತಟ್ಟೆಗಳಲ್ಲಿಟ್ಟು, ಚಮಚ, ತಣ್ಣೀರಿನ ಲೋಟಗಳೊಂದಿಗೆ ತಂದಳು. ಕ್ಲಿಯೋಳ ಕೂದಲಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಅರ್ಗಿರೋ ಒಂದು ಹೆಜ್ಜೆ ಹಿಂದೆ ಸರಿದಳು.

ಅರ್ಗಿರೋ ಬೆಟ್ಟದ ಕೆಳಗಿನ ಬಂದರಿನ ಮೀನುಗಾರನ ಮಗಳು. ನಡೆಯುವ ಮೊದಲೇ ಈಜು ಕಲಿತಳು ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ. ಮದುವೆಯಾಗಿ ಬೆಟ್ಟ ಹತ್ತಿದ ಮೇಲೂ ಪ್ರತಿ ಬೇಸಿಗೆ ಇಳಿದು ಹೋಗುತ್ತಿದ್ದಳು. ಕಪ್ಪು ಉಟ್ಟ ಮೇಲೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಅಂದದ್ದಿಲ್ಲ. ಈ ಊರಿನಲ್ಲಿ ಹಾಗೆ ಹೋದವಳು ಇಲ್ಲ, ಅಷ್ಟೆ.

“ಎರಡು ಗಂಟೆ ಕಾರು ಓಡಿಸ್ಕೊಂಡು ಬರ್ತೀವಿ ಈ ನೀರಿಗೋಸ್ಕರ,” ಎಂದಳು ಕ್ಲಿಯೋ. “ನಿಮಗೆ ಅರ್ಧ ಗಂಟೆ ದಾರಿ. ನಾಳೆ ನಮ್ಮ ಜೊತೆ ಬನ್ನಿ. ಇವರನ್ನ ಡಿಕ್ಕಿಯಲ್ಲಿ ಕೂರಿಸೋಣ.”

ಗಂಡ, ತನಗೇನೂ ಅಭ್ಯಂತರವಿಲ್ಲ, ಅಲ್ಲಾದರೂ ನಿದ್ದೆ ಮಾಡಬಹುದು ಎಂದ.

“ಅಕ್ರೋಟಿನ ನೀರು ಬದಲಿಸಬೇಕಲ್ಲ,” ಎಂದಳು ಅರ್ಗಿರೋ.

ಮೂಲೆಯ ಬೆಂಚಿನಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಮೊರ್ಫುಲಾ ತಲೆ ಎತ್ತಲಿಲ್ಲ. ಅವಳು ಕಪ್ಪುಟ್ಟು ನಲವತ್ತೊಂದು ವರ್ಷವಾಗಿತ್ತು.

ಭಾನುವಾರ ಬೆಳಿಗ್ಗೆ ಅರ್ಗಿರೋ ಹಿತ್ತಲಿಗೆ ಹೋದಾಗ ಅಕ್ರೋಟು ನೆನೆಸಿದ ತೊಟ್ಟಿಯ ನೀರು ಆಗಲೇ ತಿಳಿಯಾಗಿತ್ತು. ತಳದ ಕಾಯಿಗಳೆಲ್ಲ ಕಾಣುತ್ತಿದ್ದವು. ಅತ್ತೆ ಬೆಂಚಿನಲ್ಲಿ ಕಾಫಿ ಹೀರುತ್ತಿದ್ದಳು. ಬಟ್ಟಲು ಹಿಡಿದ ಬೆರಳುಗಳ ತುದಿ ಕಪ್ಪಾಗಿತ್ತು.

“ಅಮ್ಮ, ನೀವ್ಯಾಕೆ ಮಾಡೋಕೆ ಹೋದ್ರಿ?”

“ಸಂಜೆದೂ ನಾನೇ ಮಾಡ್ತೀನಿ. ನಾಳೆದೂ ಮಾಡ್ತೀನಿ.” ಮುದುಕಿ ಬಟ್ಟಲಿನ ತಳದ ಗಸಿಯನ್ನು ನೋಡುತ್ತ ಕುಳಿತಳು. “ನನ್ನನ್ನೂ ಒಂದು ಸಲ ಸಮುದ್ರಕ್ಕೆ ಕರೆದಿದ್ರು ಮಗಳೇ. ಬಟ್ಟೆ ಒಗೆಯೋದಿದೆ ಅಂದೆ. ಯಾವ ಬಟ್ಟೆ ಅಂತ ಯಾರೂ ಕೇಳಲಿಲ್ಲ.”

ಅರ್ಗಿರೋ ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಕ್ಲಿಯೋ ಸಮುದ್ರಕ್ಕೆ ಹೊರಡುವಾಗ ಮತ್ತೊಮ್ಮೆ ಕರೆದಳು. ಅರ್ಗಿರೋ ನಕ್ಕು, ಇನ್ನೊಂದು ಕೋಣೆಯ ಅತಿಥಿಗಳಿಗೆ ರೊಟ್ಟಿ ಸುಡಬೇಕು ಎಂದಳು. ಅದು ನಿಜವೇ ಆಗಿತ್ತು. ಆದರೆ ಅಷ್ಟು ವರ್ಷಗಳ ಮೇಲೆ ನೀರಿಗಿಳಿಯುವಾಗ ದಡದಲ್ಲಿ ನೋಡುವವರು, ಹುರಿದುಂಬಿಸುವವರು ಇರುವುದು ಅವಳಿಗೆ ಬೇಡವಾಗಿತ್ತು.

ಕಾರು ತಿರುವು ದಾಟಿದ ಮೇಲೆ ಮಹಡಿ ಹತ್ತಿ ಪೆಟ್ಟಿಗೆ ತೆರೆದಳು. ನೀಲಿ ಈಜುಡುಗೆ ಚಳಿಗಾಲದ ಕಂಬಳಿಗಳ ಅಡಿಯಲ್ಲಿತ್ತು. ಭುಜದ ಪಟ್ಟಿ ಬಿಟ್ಟುಹೋಗಿತ್ತು. ಕಿಟಕಿಯ ಬಳಿ ಕುಳಿತು ಆರು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸಿದಳು. ಸೋಮವಾರ ಅತಿಥಿಗಳು ಇರುವುದಿಲ್ಲ. ಬಂದರಿಗೆ ಮೊದಲ ಬಸ್ಸು ಏಳಕ್ಕೆ.

ಉಡುಗೆಯನ್ನು ರೊಟ್ಟಿ ಚೀಲದ ತಳಕ್ಕೆ ಸೇರಿಸಿ, ಚೀಲವನ್ನು ಎಂದಿನ ಮೊಳೆಗೆ ನೇತುಹಾಕಿದಳು. ಆಮೇಲೆ ಕೆಳಗಿಳಿದು, ಹುರುಳಿಕಾಯಿಗೆ ಟೊಮೇಟೊ ಹಾಕಲೇ ಎಂದು ಅತ್ತೆಯನ್ನು ಕೇಳಿದಳು.