ಸುಮ್ಮನಿದ್ದ ಪ್ರೋಗ್ರಾಂ

ಫೋನು ಮಿಣುಕಿತೇ, ಇಲ್ಲ, ಕೆಳಗೆ ರಸ್ತೆಯಲ್ಲಿ ತಿರುಗಿದ ಬಸ್ಸಿನ ಗಾಜಿನಿಂದ ಹಾರಿಬಂದ ಬಿಸಿಲು ಅದು, ಮೇಜಿನ ಮೇಲೆ ಬಿದ್ದು ಹೋಯಿತು — ಮಾನಸ ಫೋನನ್ನು ಬೋರಲು ಹಾಕಿದಳು, ಮತ್ತೆ ತಿರುಗಿಸಿದಳು, ಬೆಳಗ್ಗೆಯಿಂದ ಒಂದೇ ಒಂದು ಸಂದೇಶವಿಲ್ಲ, ಉರಿ ಹಾಕಿ ಮೂವತ್ತಾರು ಗಂಟೆ ದಾಟಿ ಇನ್ನೆರಡು ಗಂಟೆ ಆಯಿತು, ಅಲ್ಲಿ ಕಂಪಲಾಪುರದಲ್ಲಿ ಚಿಕ್ಕವ್ವನ ಬ್ಯಾರನ್ನಿನ, ಸೊಪ್ಪು ಹದ ಮಾಡುವ ಆ ಗೂಡಿನ ತುಂಬ ಹೊಗೆಸೊಪ್ಪು ಬೇಯುತ್ತಿದೆ, ಸೊಪ್ಪು ಹಳದಿಗೆ ತಿರುಗಿತು ಉರಿ ಏರಿಸಿ ಅಂತ ಹೇಳಬೇಕಾದ ಪ್ರೋಗ್ರಾಂ ಬಾಯಿಗೆ ಬೀಗ ಹಾಕಿಕೊಂಡು ಕೂತಿದೆ. ಬದುಕಿದೆಯೋ ಸತ್ತಿದೆಯೋ ಯಾರಿಗೆ ಗೊತ್ತು. ಹೋದ ವರ್ಷ ಮಾನಸ ತಾನೇ ಬರೆದ ಪ್ರೋಗ್ರಾಂ ಹೀಗಿರಲಿಲ್ಲ, ಮೊದಲು ಇದು ಮಾಡು, ಮೂವತ್ತಾರು ಗಂಟೆ ಎಣಿಸು, ಆಮೇಲೆ ಅದು ಮಾಡು, ಹೆಜ್ಜೆಹೆಜ್ಜೆಗೂ ಇಲ್ಲಿದ್ದೇನೆ, ಇಲ್ಲಿದ್ದೇನೆ ಅಂತ ಒಂದೊಂದು ಸಾಲು ತೋರಿಸುತ್ತಿತ್ತು ಪಾಪ, ನೋಡಿದರೆ ಜೀವಕ್ಕೆ ಸಮಾಧಾನ. ಸಿದ್ದರಾಜು ಬಂದವನೇ ಎಲ್ಲ ಅಳಿಸಿದ, ಹುಣಸೂರಿನ ಈ ನಾಲ್ಕು ಕುರ್ಚಿಯ ಆಫೀಸಿಗೆ ಅವನೇ ಹಿರಿಯ, ಗಂಟೆ ಎಣಿಸೋದು ಬುಡಮ್ಮ, ಏನಾದ್ರೆ ಏನಾಗ್ಬೇಕು ಅಷ್ಟು ಬರಿ ಸಾಕು, ಬಣ್ಣ ಬದಲಾದ್ರೆ ಅದೇ ಏಳ್ತದೆ, ಬದಲಾಗ್ದಿದ್ರೆ ಸುಮ್ನಿರ್ತದೆ, ಅದು ಸುಮ್ನಿದ್ರೆ ನೀನೂ ಸುಮ್ನಿರು ಅಂದ. ಹೇಳುವುದು ಸುಲಭ. ಮೂರು ತಿಂಗಳು ಹೂಂ ಹೂಂ ಅಂತ ತಲೆಯಾಡಿಸಿ ಕಲಿತಳು, ಬೆರಳು ಕಲಿಯಿತು, ಮನಸ್ಸು ಮಾತ್ರ ಇವತ್ತಿಗೂ ಗಂಟೆ ಎಣಿಸುತ್ತಿದೆ, ಮೂವತ್ತೆಂಟು, ಮೂವತ್ತೆಂಟೂಕಾಲು.

ಚಿತ್ರ ನೋಡಿದರೆ ಅದೂ ಹಾಗೇ ಇದೆ, ಬ್ಯಾರನ್ನಿನ ಗಾಜಿನ ಕಿಂಡಿಗೆ ಎದುರಾಗಿ ಹೊರಗೆ ಕಟ್ಟಿದ ಕ್ಯಾಮೆರಾ ಕಳಿಸಿದ್ದು, ಅಂಚು ಮಡಿಸಿಕೊಂಡ ಒಂದೇ ಎಲೆ, ಹಸಿರು, ಎಂಟು ಗಂಟೆಗೆ ನೋಡಿದಾಗಲೂ ಅದೇ ಎಲೆ, ಅದೇ ಮಡಿಕೆ, ಅಷ್ಟೇ ಹಸಿರು — ಕೂದಲೆಳೆಯಷ್ಟೂ ಬದಲಾಗದೆ ಇರುವುದುಂಟೇ, ಇದು ಹಳೇ ಚಿತ್ರವೇ, ಕ್ಯಾಮೆರಾ ನಿಂತುಹೋಗಿದೆ, ಕಿಂಡಿಯಾಚೆ ಸೊಪ್ಪು ಯಾವಾಗಲೋ ಹಳದಿಯಾಗಿ ಈಗ ಕಪ್ಪಿಗೆ ತಿರುಗುತ್ತಿರಬೇಕು. ಸಿದ್ದರಾಜುವನ್ನು ಕೇಳೋಣವೆಂದರೆ ಹೆಗ್ಗಡದೇವನಕೋಟೆಗೆ ಹೋಗಿದ್ದಾನೆ, ಫೋನು ಸಿಗುತ್ತಿಲ್ಲ, ಇವತ್ತೇ ಹೋಗಬೇಕಿತ್ತೇ, ಮೊದಲ ಸಲ ಪರೀಕ್ಷಿಸಲು ನಿಮ್ಮ ಚಿಕ್ಕವ್ವನ ಬ್ಯಾರನ್ನೇ ಆಗ್ಲಿ ಅಂದದ್ದೂ ಅವನೇ, ಕೆಟ್ಟರೆ ಅವನು ಕೈ ತೊಳೆದುಕೊಳ್ಳುತ್ತಾನೆ, ಮನೆಯವರ ಮುಖ ನೋಡಬೇಕಾದವಳು ಇವಳು. ಚಿಕ್ಕವ್ವ ಸಣ್ಣತಾಯಮ್ಮ, ಅವ್ವ ಹೋದಮೇಲೆ ಇವಳನ್ನು ಸಾಕಿದವಳು, ಮೂವತ್ತು ವರ್ಷ ಕಿಂಡಿಗೆ ಹಣೆ ಒತ್ತಿ ಸೊಪ್ಪು ನೋಡಿಯೇ ಉರಿ ಹಾಕಿದವಳು, ಈ ವರ್ಷ ನೀನು ಏಳ್ದಂಗೆ ಮಾಡ್ತೀನಿ ಕಣವ್ವ ಅಂದುಬಿಟ್ಟಳು, ಇನ್ನೂ ಏನೋ ಅಂದಳಲ್ಲ, ಮಳೆ ಕುಡ್ದ ಸೊಪ್ಪು ಈ ಸಲ, ದಪ್ಪ ಐತೆ, ಬಣ್ಣ ನಿಧಾನ ಬತ್ತದೆ — ಇರಲಿ, ಎಷ್ಟು ನಿಧಾನ, ಗಂಟೆಗೂ ಒಂದು ಮಿತಿ ಇದೆ. ಬೇಗ ಉರಿ ಏರಿಸಿದರೆ ಹಸಿರು ಎಲೆಯಲ್ಲೇ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಹಳದಿ ಬರದು, ಅದು ಅವಳಿಗೆ ಗೊತ್ತು, ಚಿಕ್ಕಂದಿನಿಂದ ಗೊತ್ತು, ಗೊತ್ತಿದ್ದೂ ಕೈ ಫೋನು ಎತ್ತಿತು, ಚಿಕ್ಕವ್ವಾ ಉರಿ ಏರ್ಸು. ಆ ಕಡೆಯಿಂದ ಚಿಕ್ಕವ್ವ ಕೇಳಿದಳು, ಏರಿಸ್ಲಾ ಮಗ? ಹೂಂ ಏರ್ಸು, ಹೊತ್ತಾಗೋಯ್ತು. ಆಗ್ಲಿ ಬುಡು ಅಂದಳು.

ಒಂದು ಗಂಟೆ, ಚಹಾ ಕುಡಿದಳು, ನೆಮ್ಮದಿ ಅಂದುಕೊಂಡಳು, ಚಿತ್ರ ಇನ್ನೂ ಅದೇ, ನೋಡು, ಸತ್ತ ಕ್ಯಾಮೆರಾ, ನನ್ನ ಅನುಮಾನವೇ ಸರಿ, ಸಿದ್ದರಾಜು ಬರಲಿ ತೋರಿಸುತ್ತೇನೆ — ಎಲೆ ಮಸುಕಾಯಿತು. ಕಿಂಡಿಯ ಸಂದಿನಿಂದ ಹೊರಬಂದ ಹಬೆ, ಗಾಜಿನ ಹೊರಮೈ ಮೇಲೆ ಬೆವರು. ಮಸುಕಾಗುವುದೆಂದರೆ, ಅಂದರೆ ಇದು ಈಗಿನ ಚಿತ್ರ, ಬೆಳಗ್ಗೆಯಿಂದಲೂ ಆಯಾ ಹೊತ್ತಿನ ಚಿತ್ರ, ಹಸಿರು ಎಲೆ ಹಸಿರಾಗೇ ಇದ್ದದ್ದರಿಂದ ಅದು ಸುಮ್ಮನಿತ್ತು, ಸರಿಯಾಗಿಯೇ ಸುಮ್ಮನಿತ್ತು. ಮತ್ತೆ ಫೋನು ಎತ್ತಿದಳು, ಚಿಕ್ಕವ್ವಾ ಇಳ್ಸು ಉರಿ ಇಳ್ಸು ಅಂದಳು, ಈಗೇನು ಇಳ್ಸೋದು ಮಗ, ಗಂಟೆ ಹೊತ್ತಿಂದ ಬೆಂಕಿ ಕುಡ್ದದೆ, ನನ್ ಕಣ್ಗೆ ಅಸ್ರಾಗೇ ಕಾಣ್ತಿತ್ತು ಕಣವ್ವ, ಓದ್ದೋಳು ನೀನು, ನೀನೇ ಏಳ್ದಲ್ಲ ಅಂತ ಏರಿಸ್ದೆ, ಅಳ್ಬೇಡ, ತಾಳು ನೋಡ್ತೀನಿ. ಅವಳಿಗೆ ಕಂಡಿತ್ತು, ಯಂತ್ರಕ್ಕೂ ಕಂಡಿತ್ತು, ಎರಡನ್ನೂ ನಂಬದವಳು ತಾನೊಬ್ಬಳೇ, ನಾಚಿಕೆ, ಮೈಯೆಲ್ಲ ನಾಚಿಕೆ, ಮತ್ತೆ ಆ ಎಲೆ — ಚಿತ್ರದೊಳಗೆ ಒಂದು ಕೈ ಬಂತು, ಉಗುರಿನ ಸಂದಿಯಲ್ಲೆಲ್ಲ ಸೊಪ್ಪಿನ ಕರಿಯಂಟು, ಸೆರಗಿನ ತುದಿಯಿಂದ ಗಾಜು ಒರೆಸಿತು, ಒಂದು ಸಲ, ಇನ್ನೊಂದು ಸಲ, ಕೈ ಸರಿಯಿತು, ಮಡಿಸಿದ ಅಂಚು, ಎಲೆ, ಹಸಿರು