ಮದ್ದಿನೋರ ಮನೆ

ಜೋಗಿಮಟ್ಟಿಯ ತಪ್ಪಲಿನ ಹಳ್ಳಿಯಲ್ಲಿ ಕೆಂಚಕ್ಕನ ಗಂಡನ ಮನೆಗೆ ‘ಮದ್ದಿನೋರು’ ಎಂದು ಹೆಸರು. ಮದುವೆಯಾದ ಹೊಸದರಲ್ಲಿ ಅವಳಿಗೆ ಆ ಹೆಸರೆಂದರೆ ಹೆಮ್ಮೆ. ಯಲ್ಲದಕೆರೆಯ ತವರಿನಲ್ಲಿ ಗೆಳತಿಯರು, “ಮದ್ದಿನೋರ ಮನೆ ಸೇರ್ತಿದೀಯ, ಇನ್ನು ನಿಂಗೆ ನೆಗಡೀನೂ ಬರಲ್ಲ ಬಿಡೇ” ಎಂದು ರೇಗಿಸಿದ್ದರು. ಆದರೆ ಆ ಮನೆಯಲ್ಲಿ ಯಾರೂ ಯಾರಿಗೂ ಮದ್ದು ಕೊಟ್ಟಿದ್ದನ್ನು ಅವಳು ಕಾಣಲಿಲ್ಲ. ಕುರಿ ಮೇಯಿಸುತ್ತಿದ್ದರು, ಸಜ್ಜೆ ನವಣೆ ಬೆಳೆಯುತ್ತಿದ್ದರು, ಅಷ್ಟೆ.

ಮಗಳು ಸಿದ್ದಿಗೆ ಮೂರು ತುಂಬಿದ ವರ್ಷ ಜ್ವರ ಬಂತು. ಮಗು ಕಣ್ಣು ಬಿಡದಾದಾಗ ಕೆಂಚಕ್ಕ ಮಾವ ಜುಂಜಯ್ಯನ ಕಾಲು ಹಿಡಿದಳು.

“ಮಾವ, ನಿಮ್ಮ ಹಿರೀಕರು ಮದ್ದಿನೋರಲ್ವ? ಒಂದು ಬೇರಾದ್ರೂ ತೋರ್ಸಿ.”

“ನಂಗೇನೂ ಗೊತ್ತಿಲ್ಲ ಕಣವ್ವ. ನಮ್ಮಪ್ಪ ಏನೂ ಹೇಳಿಕೊಟ್ಟಿಲ್ಲ” ಎಂದು ಮುದುಕ ಕೈ ಕೈ ಹಿಸುಕಿಕೊಂಡ.

ಗಂಡ ಓಬಯ್ಯ ಗಾಡಿ ಕಟ್ಟಿದ. ದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಮಗು ತಾಯಿಯ ಮಡಿಲಲ್ಲಿ ತಣ್ಣಗಾಯಿತು.

ಊರಿನ ಬಾಯಿ ಸುಮ್ಮನಿರಲಿಲ್ಲ. ಹೆಣ್ಣುಕೂಸಿಗೆ ಯಾಕೆಂದು ಮುದುಕ ಗುಟ್ಟು ಬಿಡಲಿಲ್ಲ ಎಂದು ಯಾರೋ ಅಂದರು. ಆ ಮಾತು ಕೆಂಚಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಮಾವನಿಗೆ ಹೊತ್ತುಹೊತ್ತಿಗೆ ಮುದ್ದೆ ಇಟ್ಟಳು, ನೀರು ಕಾಯಿಸಿ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಏಳು ವರ್ಷ ಹಾಗೇ ಕಳೆಯಿತು. ಸಾಯುವ ಹಿಂದಿನ ದಿನ ಅವನು ಸೆರಗು ಹಿಡಿದು, “ನಿನ್ನಾಣೆಗೂ ಗೊತ್ತಿರಲಿಲ್ಲವ್ವ” ಎಂದಾಗಲೂ ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಮತ್ತೆ ಮಕ್ಕಳಾಗಲಿಲ್ಲ. ಕೆಂಚಕ್ಕ ಜೋಗಿಮಟ್ಟಿಯ ಕಾಡು ಹತ್ತಿದಳು. ಕಂಡಕಂಡ ನಾಟಿವೈದ್ಯರನ್ನು ಕೇಳಿ ಎಲೆ, ತೊಗಟೆ ಗುರುತು ಹಿಡಿದಳು. ಊರ ಮಕ್ಕಳ ಕೆಮ್ಮಿಗೆ ಆಡುಸೋಗೆ ಕಾಯಿಸಿ ಕೊಡುವಷ್ಟು ಕಲಿತಳು. ಆದರೂ ಸಿದ್ದಿಯನ್ನು ಉಳಿಸಬಹುದಾಗಿದ್ದ ಆ ಒಂದು ಬೇರು ಇಲ್ಲೇ ಯಾವುದೋ ಬಂಡೆಯ ಮರೆಯಲ್ಲಿದೆ, ತನಗೆ ಕಾಣುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ಹೀಗೆ ಮೂವತ್ತು ವರ್ಷವಾಯಿತು.

ಎಪ್ಪತ್ತನಾಲ್ಕನೇ ಇಸವಿಯ ಬೇಸಗೆಯಲ್ಲಿ ಹೊಳಲ್ಕೆರೆಯಿಂದ ಚಿತ್ರಲಿಂಗಪ್ಪ ಎಂಬ ಮೇಷ್ಟ್ರು ಸೈಕಲ್ಲು ತುಳಿದುಕೊಂಡು ಬಂದರು. ರಜೆಯಲ್ಲಿ ಊರೂರು ಸುತ್ತಿ ಮನೆತನಗಳ ಹೆಸರು ಬರೆದುಕೊಳ್ಳುವುದು ಅವರ ಹುಚ್ಚು. ಕೆಂಚಕ್ಕ ಜಗುಲಿಯ ಮೇಲೆ ಕಂಬಳಿ ಹಾಸಿದಳು.

“ಕುಂತ್ಕಳ್ರಿ ಮೇಷ್ಟ್ರೆ. ಹೆಸರು ಬರ್ಕಂಡು ಏನ್ಮಾಡ್ತೀರಿ?”

“ಹೆಸರಿನಾಗೆ ಕಸುಬು ಐತಲ್ಲಮ್ಮ. ಗಾಣದೋರು ಎಣ್ಣೆ ತೆಗೀತಿದ್ರು. ಸುಣ್ಣದೋರು ಸುಣ್ಣ ಸುಡ್ತಿದ್ರು. ಈಗ ಗಾಣಾನೂ ಇಲ್ಲ, ಭಟ್ಟೀನೂ ಇಲ್ಲ, ಹೆಸರು ಮಾತ್ರ ಅವೆ. ನಿಮ್ಮ ಮನೆ ಹುಡುಕ್ಕೊಂಡೇ ಬಂದೆ.”

“ನಮ್ದೇನು ಹುಡುಕ್ತೀರಿ? ಕಾಯಿಲೆಗೆ ಮದ್ದು ಕೊಡೋ ಮನೆ. ಗೊತ್ತಿದ್ದೋರು ಮುಚ್ಚಿಟ್ಕಂಡು ಮಣ್ಣಿಗೋದ್ರು” ಎಂದಳು ಕೆಂಚಕ್ಕ.

“ಆ ಮದ್ದಲ್ಲಮ್ಮ ಇದು.” ಮೇಷ್ಟ್ರು ಚೀಲದಿಂದ ನೋಟುಬುಕ್ಕು ತೆಗೆದರು. ಒಂದು ಮಠದಲ್ಲಿದ್ದ ಹಳೆಯ ಕಡತದಿಂದ ನಕಲು ಮಾಡಿಕೊಂಡಿದ್ದನ್ನು ಬೆರಳಿಟ್ಟು ಓದಿದರು. ದುರ್ಗದ ಕೋಟೆಯ ಮದ್ದಿನ ಮನೆಯಲ್ಲಿ ಗಂಧಕ, ಪೆಟ್ಲುಪ್ಪು, ಇದ್ದಿಲು ಅರೆಯುವ ಆಳುಗಳು. ಅವರ ಊರು ಇದೇ ಊರು.

“ತೋಪಿಗೆ ತುಂಬೋ ಮದ್ದು, ಕೋವಿ ಮದ್ದು. ಕೋಟೆ ಬಿತ್ತು, ಕೆಲಸ ಹೋತು. ಯಾತರ ಮದ್ದು ಅನ್ನೋದು ನಿಮ್ಮೋರಿಗೇ ಮರೆತು ಹೋಗೈತೆ.”

ಕೆಂಚಕ್ಕ ಕಂಬ ಹಿಡಿದು ನಿಂತಳು. “ಹಂಗಾರೆ ಕಾಯಿಲೆ ಮದ್ದು ಈ ಮನೇಲಿ ಯಾವತ್ತೂ ಇರ್ಲೇ ಇಲ್ವ?”

“ಇದ್ದಂಗೆ ಕಾಣಲ್ಲಮ್ಮ.”

“ನಮ್ಮ ಮಾವ ಗೊತ್ತಿಲ್ಲ ಅಂತಿದ್ರು.”

“ಅವರಿಗೆ ಹೆಂಗೆ ಗೊತ್ತಿರಾಕೆ ಸಾಧ್ಯ?” ಎಂದರು ಮೇಷ್ಟ್ರು, ಏನೂ ಅರಿಯದೆ.

“ಬರ್ಕಳ್ರಿ. ಮಾವನ ಹೆಸರು ಜುಂಜಯ್ಯ. ಸುಳ್ಳಾಡೋ ಮನುಷ್ಯ ಅಲ್ಲ, ಅದನ್ನೂ ಬರ್ಕಳ್ರಿ” ಎಂದಳು ಕೆಂಚಕ್ಕ. ಮೇಷ್ಟ್ರು ಅವಳ ಮುಖ ನೋಡಿದರು, ಬರೆದುಕೊಂಡರು.

ಅವರು ಹೋದಮೇಲೆ ಕೆಂಚಕ್ಕ ಹೊಲದ ಬದುವಿಗೆ ನಡೆದಳು. ಮಾವನನ್ನು ಮಣ್ಣು ಮಾಡಿದ್ದ ಗುಡ್ಡೆಯ ಮೇಲೆ ಹುಲ್ಲು ಬೆಳೆದಿತ್ತು. ಒಂದೊಂದೇ ಎಳೆ ಕಿತ್ತು ಹಸನು ಮಾಡಿದಳು. ತಾನು ಮಗಳನ್ನು ಕಳೆದುಕೊಂಡ ಹಾಗೆಯೇ ಅವನೂ ಮೊಮ್ಮಗಳನ್ನು ಕಳೆದುಕೊಂಡವನು. ಆ ಏಳು ವರ್ಷ ಇಬ್ಬರೂ ಒಂದೇ ಸೂರಿನಡಿ ಕೂತು ಸಿದ್ದಿಯನ್ನು ನೆನೆದು ಅಳಬಹುದಿತ್ತು. ಬೇರೆ ಬೇರೆ ಮೂಲೆಯಲ್ಲಿ ಅತ್ತರು.

ಇಳಿಹೊತ್ತಿಗೆ ಕುರಿ ಹೊಡೆದುಕೊಂಡು ಬಂದ ಓಬಯ್ಯ ಅವಳನ್ನು ಅಲ್ಲಿ ಕಂಡು ಬೆರಗಾದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ತಲೆಯ ಬಟ್ಟೆ ಬಿಚ್ಚಿ ಪಕ್ಕದಲ್ಲಿ ಕುಳಿತ.

“ಸಿದ್ದಿ ಹೋದ್ಮೇಲೆ ನಮ್ಮಪ್ಪ ಒಬ್ಬನೇ ಮಟ್ಟಿ ಹತ್ತಿ ಬೇರು ಅಗೀತಿದ್ದ ಕಣೆ. ಗೊತ್ತಿಲ್ದಿದ್ರೂ. ನಿಂಗೆ ಹೇಳಾಕೆ ಅಂಜ್ತಿದ್ದ.”

ಕೆಂಚಕ್ಕ ಮುಖ ಮುಚ್ಚಿಕೊಂಡಳು. ಅತ್ತು ಅತ್ತು ಸಾಕಾದ ಮೇಲೆ ಕೇಳಿದಳು:

“ಮಗು ಮಾವನ್ನ ಏನಂತ ಕರೀತಿತ್ತು? ನಂಗೆ ನೆನಪಾಗ್ತಿಲ್ಲ.”

“ತಾತ ಅಂತಿರಲಿಲ್ಲ. ಹೆಸರು ಹಿಡಿದೇ, ‘ಜುಂಜೂ, ಹೆಗಲ ಮ್ಯಾಲೆ ಕುಂಡ್ರುಸ್ಕ’ ಅಂತಿತ್ತು.”

“ಕುಂಡ್ರುಸ್ಕಂತಿದ್ರಾ?”

“ಹೊಲದ ತುಂಬಾ ಹೊತ್ಕಂಡು ತಿರುಗ್ತಿದ್ದ” ಎಂದ ಓಬಯ್ಯ.

ಕುರಿಗಳು ತಾವಾಗೇ ಮನೆಯ ದಾರಿ ಹಿಡಿದವು. ಅವರಿಬ್ಬರೂ ಏಳಲಿಲ್ಲ.