ಕಾಜಾಣ ಕೂರದ ಕೋಲು

ಅಗೋ, ಬೇಲಿ ಮೂಲೆಯ ಕೋಲಿನ ಮೇಲೆ ಕರ್ರಗೆ ಏನೋ ಅಲುಗಿತು, ಬಂತು, ಬಂದೇ ಬಿಡ್ತು ಅಂತ ಮಂಗಳಾಳ ಎದೆ ಹಾರಿತು, ಬದುವಿನ ಮೇಲೆ ಅಲುಗದೆ ನಿಂತಳು, ಅದು ಕತ್ತು ಹೊರಳಿಸಲಿಲ್ಲ, ಬಾಲ ಕುಣಿಸಲಿಲ್ಲ, ಗಾಳಿಗೆ ಪಟಪಟ ಹೊಡೆದುಕೊಂಡಿತು ಅಷ್ಟೆ — ಪ್ಲಾಸ್ಟಿಕ್ಕು, ಎಲ್ಲಿಂದಲೋ ಹಾರಿಬಂದು ಸಿಕ್ಕಿಕೊಂಡ ಚೀಲದ ಚೂರು. ಹೊಗೆಸೊಪ್ಪಿನ ಸಾಲುಗಳ ನಡುವೆ ಅವಳೇ ನೆಟ್ಟ ಕವಲುಕೋಲುಗಳು, ಕಾಜಾಣ ಬಂದು ಕೂರಲಿ, ಕೂತು ಹುಳ ಹೆಕ್ಕಲಿ ಅಂತ ನೆಟ್ಟವು, ಒಂದರ ಮೇಲೂ ಒಂದು ಹಿಕ್ಕೆ ಕೂಡ ಬಿದ್ದಿಲ್ಲ, ಕೆಳಗೆ ಎಲೆ ಮಗುಚಿದರೆ ಹಸಿರು ಹುಳ, ಪಕ್ಕದ ಗಿಡದಲ್ಲೂ ಹುಳ, ನಿನ್ನೆ ತೂತಾಗಿದ್ದ ಎಲೆ ಇವತ್ತು ಬರೀ ನರ. ನಾಳೆ ಬೆಳಿಗ್ಗೆ ಗಂಟ ಕಾಯ್ತೀನಿ ಕಣಮ್ಮಿ, ಆಮೇಲೆ ಔಷ್ದಿ ಕ್ಯಾನು ಹೊರೋನೇ ನಾನು ಅಂತ ಗಂಡ ಮಾದೇಶ ನಿನ್ನೆ ಅಂದಿದ್ದ, ಆ ಬೆಳಿಗ್ಗೆ ಇದೇ, ಬಿಸಿಲು ಆಗಲೇ ಸೊಪ್ಪು ಬೇಯಿಸೋ ಬ್ಯಾರನ್ನಿನ ಹೆಂಚಿಗೆ ಬಂದಿದೆ, ಬಾರಪ್ಪಾ, ಒಂದಾದರೂ ಬಾ, ನೀನು ಬಂದು ಕೂತರೆ ಅವನಿಗೆ ತೋರಿಸಿ ಇನ್ನೆರಡು ದಿನ ತಡೀತೀನಿ — ಎಷ್ಟು ಸಲೀಸಾಗಿ ಬರುತ್ತಿದ್ದವು, ತವರೂರು ಮಿರ್ಲೆಯಲ್ಲಿ ಅಪ್ಪ ಗದ್ದೆಗೆ ನೇಗಿಲು ಇಳಿಸಿದರೆ ಸಾಕು, ಎಲ್ಲಿದ್ದವೋ ಏನೋ, ಅಪ್ಪನ ಹಿಂದೆ ಸಾಲುಗಟ್ಟಿ ಎರಗುತ್ತಿದ್ದವು, ಎತ್ತಿನ ಬೆನ್ನ ಮೇಲೆ ಒಂದು, ನೊಗದ ಮೇಲೆ ಒಂದು, ಕಾಲುವೆ ಏರಿಯ ತಂತಿ ಮೇಲೆ ಕತ್ತರಿಬಾಲ ಇಳಿಬಿಟ್ಟುಕೊಂಡು ಪೋಣಿಸಿದ ಹಾಗೆ, ಎಣಿಸು ಅಂದರೆ ಅವಳಿಗೆ ಆಗ ಅಷ್ಟು ಎಣಿಕೆಯೇ ಬರುತ್ತಿರಲಿಲ್ಲ, ಅವುಗಳ ಮಗ್ಗುಲ್ಗೆ ಓಗ್ಬೇಡ ಮಗಾ, ಅವು ಕೆಲ್ಸದಾಗವೆ ಅನ್ನುತ್ತಿದ್ದ ಅಪ್ಪ, ತನ್ನ ಜೊತೆ ದುಡಿಯೋ ಅಣ್ಣತಮ್ಮಂದಿರ ವಿಚಾರ ಹೇಳೋ ಹಾಗೆ.

ಮದುವೆಯಾಗಿ ಪಿರಿಯಾಪಟ್ಟಣದ ಈ ಕಡೆ ಬಂದಾಗಲೂ ಇದ್ದವಲ್ಲ, ತಂತಿ ತುಂಬ ಇರಲಿಲ್ಲ, ಆದರೂ ಕಂಬಕ್ಕೊಂದು ಇದ್ದೇ ಇರುತ್ತಿತ್ತು, ಆಮೇಲೆ ಮಗಳು ಪ್ರಿಯಾ ಶಾಲೆಗೆ ಸೇರಿದ ಕಾಲಕ್ಕೆ ಬಸ್‌ಸ್ಟಾಪಿನಿಂದ ಹೊಲದ ತನಕ ಮೂರೋ ನಾಲ್ಕೋ, ಅವಳು ಹೈಸ್ಕೂಲಿಗೆ ಹೋಗುವಾಗ ಒಂದು ಜೋಡಿ, ಆ ಹೊಂಗೆಮರದ ಜೋಡಿ, ಕಾಗೆಯನ್ನು ಊರಾಚೆ ಅಟ್ಟುತ್ತಿದ್ದ ಜೋಡಿ, ಅದು ಯಾವ ವರ್ಷ ಇಲ್ಲವಾಯಿತು? ಗೊತ್ತೇ ಆಗಲಿಲ್ಲ, ಮನುಷ್ಯರು ಸತ್ತರೆ ತಮಟೆ ಬಡಿಯುತ್ತಾರೆ, ಇವು ಒಂದೊಂದೇ ಸುಮ್ಮನೆ ಬರದೇ ಹೋದವು, ಇದೇನು ನಮ್ಮೂರ ಕತೆ ಮಾತ್ರ ಅಲ್ಲ ಕಣವ್ವ, ಹುಣಸೂರ ಕಡೆನೂ ಇಂಗೇ ಅಂತೆ ಅಂದಿದ್ದ ಪಕ್ಕದ ಹೊಲದ ಕೆಂಪಯ್ಯ, ಅವು ಓದ್ವು, ಹುಳ ಉಳ್ಕಂಡ್ವು, ಔಷ್ದಿ ಹೊಡೀದೆ ಇನ್ನೇನ್ ಮಾಡೀಯೆ? ಔಷಧಿ, ಔಷಧಿ ಅನ್ನೋದು ಅದಕ್ಕೆ, ಹೋದ ವರ್ಷ ಇದೇ ಸಾಲಲ್ಲಿ ಔಷಧಿ ಹೊಡೆಯುತ್ತ ಹೊಡೆಯುತ್ತ ಮಾದೇಶ ಮೊಣಕಾಲೂರಿ ಕೂತ, ನೀರು ಅಂದ, ಬಾಯಿಂದ ನೊರೆ, ಅಂಗಿಯ ಒಳಗಿಂದ ತೊಡೆಯವರೆಗೆ ಮಾಂಸ ಪಟಪಟ ಅದುರುತ್ತಿತ್ತು, ಕಣ್ಣಪಾಪೆ ಸಾಸಿವೆಕಾಳಿನಷ್ಟಾಗಿತ್ತು, ಆಟೋದಲ್ಲಿ ಹುಣಸೂರಿನ ಆಸ್ಪತ್ರೆಗೆ ಹೋಗುವ ತನಕ ಅವನ ತಲೆ ಅವಳ ತೊಡೆಯ ಮೇಲೆ, ಕಣ್ ಬುಡ್ರೀ, ನನ್ ನೋಡ್ರೀ, ನೋಡ್ರೀ, ಅವನು ನೋಡಲಿಲ್ಲ. ಇನ್ನೊಂದ್ಸಲ ಈ ವಿಷ ಮೈಗೆ ಹತ್ತಿದ್ರೆ ನಮ್ಮ ಕೈಲಿಲ್ಲಮ್ಮ ಅಂತ ಡಾಕ್ಟರು ಅಂದದ್ದು ಅವಳಿಗೆ, ಅವನಿಗಲ್ಲ, ಅವನಿಗೆ ಹೇಳಿದರೆ ನಗುತ್ತಾನೆ, ಕಾಫಿ ಲೋಟ ಹಿಡಿದ ಕೈ ಇನ್ನೂ ನಡುಗುತ್ತೆ, ಲೋಟ ಕೆಳಗಿಟ್ಟು ನಗುತ್ತಾನೆ. ಕೂಲಿಗೆ ಯಾರ್ನಾದ್ರೂ ಕರ್ಕಂಬಾ ಅಂದ ಕೆಂಪಯ್ಯ, ಕರೆಯಬಹುದು, ಬರೋನಿಗೂ ಮನೇಲಿ ಒಬ್ಬಳು ಇರ್ತಾಳಲ್ಲ, ಅವಳ ತೊಡೆ ಮೇಲೂ ಒಂದು ತಲೆ — ಬೇಡ. ಹೊಡೆಯದೇ ಬಿಟ್ಟರೆ? ಈ ವಾರ ಕಳೆದರೆ ಬ್ಯಾರನ್ನಿಗೆ ಏರಿಸೋಕೆ ಎಲೆಯೇ ಇರೋದಿಲ್ಲ, ವರ್ಷದ ಅನ್ನ ಈ ಹೊಲದಲ್ಲೇ ಇರೋದು, ಬಾರೋ, ಬಾರೋ ಕರಿಯಾ, ನಿನ್ನ ದಮ್ಮಯ್ಯ.

ಬಂದದ್ದು ಮಾದೇಶ. ಬೆನ್ನಿಗೆ ಕ್ಯಾನು, ಮೂಗಿಗೆ ಟವೆಲ್ಲು, ಟವೆಲ್ಲಿನ ಮೇಲಿಂದ ಆ ಕಣ್ಣು, ಬಂತಾ ನಿನ್ನ ಹಕ್ಕಿ ಅಂತ ಕೇಳಲಿಲ್ಲ, ಕೇಳಿದ್ದರೆ ಜಗಳವಾಡಬಹುದಿತ್ತು, ಪಕ್ಕಕ್ಕೆ ಬಾರಮ್ಮಿ ಅಂದ ಮೆತ್ತಗೆ, ಹಿಡಿ ಒತ್ತಲು ಹೋದ ಕೈ ತಪ್ಪಿತು, ಮತ್ತೆ ಒತ್ತಿದ, ಮತ್ತೆ ತಪ್ಪಿತು, ಅವಳಿಗೆ ಅಷ್ಟೇ ಸಾಕಾಯಿತು, ಕ್ಯಾನಿನ ಪಟ್ಟಿ ಹಿಡಿದು ಎಳೆದಳು, ಬುಡ್ರೀ, ಬುಡ್ರೀ ಅಂದ್ರೆ, ಲೇ ತಲೆ ಕೆಟ್ಟದಾ ನಿಂಗೆ, ಕೆಟ್ಟದೆ, ಬುಡ್ರೀ, ಇಬ್ಬರ ನಡುವೆ ಕ್ಯಾನು ಗುಳುಗುಳು ಅಂತು, ಬೆನ್ನಿಗೆ ಏರಿಸಿಕೊಂಡಳು, ಅವನ ಟವೆಲ್ಲನ್ನೇ ಮೂಗಿಗೆ ಸುತ್ತಿದಳು, ಅವನ ಬೆವರಿನ ವಾಸನೆ, ಬದು ದಾಟಿ ಬಂದ್ರೆ ನಾನು ಇದನ್ನ ಕುಡಿದ್ಬುಡ್ತೀನಿ ಕಣ್ರೀ ಅಂದಳು, ಅವನು ಬದುವಿನ ಮೇಲೆ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ, ತಲೆ ಮೇಲೆ ಕೈ, ಗಾಳಿ ಬೆನ್ನಿಗೆ ಇಟ್ಕಳೇ, ಗಾಳಿಗೆ ಎದುರಾಗಿ ಹೊಡೀಬ್ಯಾಡ್ವೇ ಅಂತ ಕೂಗುತ್ತಿದ್ದ. ಬೆನ್ನು ತಣ್ಣಗೆ, ಸೋರುತ್ತಿದೆಯಾ, ಸೋರಲಿ, ಒಂದು ಸಾಲು, ಎರಡನೇ ಸಾಲು, ಹುಳ ಎಲೆಯಿಂದ ಕಳಚಿ ಮಣ್ಣಿಗೆ ಬಿದ್ದು ಸುರುಳಿ ಸುತ್ತುತ್ತಿದ್ದವು, ಎಲೆಯಡಿ ಅಡಗಿದ್ದ ಬೂದು ಪತಂಗಗಳು ಹನಿ ತಾಗಿದ್ದೇ ಎದ್ದವು, ಹಾರಲಾರದೆ ಹಾರಿದವು, ಆಗ ತಲೆಯ ಮೇಲೆ ಒಂದು ಕರೀ ಗೆರೆ, ಚೀ ಅಂತ ಒಂದು ಕೂಗು —

ಕಾಜಾಣ. ಕೋಲಿನ ಮೇಲೆ, ಅವಳೇ ನೆಟ್ಟ ಕೋಲಿನ ಮೇಲೆ, ಕೊಕ್ಕಲ್ಲಿ ಒದ್ದೆ ಪತಂಗ. ಅಯ್ಯೋ ಉಗಿ, ಉಗಿಯೋ, ಹುಶ್ಶ್, ಹೋಗೋ ಅಂತ ಕೈ ಬೀಸಿದಳು, ಹೆಂಟೆ ಎಸೆದಳು, ಅದು ಎದ್ದು ಗಾಳಿಯಲ್ಲಿ ಒಂದು ಸುತ್ತು ಹಾಕಿ ಇನ್ನೊಂದು ಹಿಡಿದುಕೊಂಡು ಬಂದು ಕೂತಿತು, ಜನ ಎಬ್ಬಿಸಿದ ಹುಳಕ್ಕೆ ಜನರ ಹಿಂದೆ ಬರೋ ಹಕ್ಕಿ, ನೇಗಿಲೋ ಕ್ಯಾನೋ ಅದಕ್ಕೇನು ಗೊತ್ತು, ಹಿಡಿ ಬಿಟ್ಟಳು, ನಳಿಗೆಯ ಹನಿ ನಿಂತಿತು, ಪತಂಗ ಏಳುವುದು ನಿಲ್ಲಲಿಲ್ಲ, ಬತ್ತದೇನೇ, ಬಂತೇನೇ ನಿನ್ನ ಹಕ್ಕಿ ಅಂತ ಬದುವಿನಿಂದ ಮಾದೇಶ ಕೇಳುತ್ತಿದ್ದ, ಬಂತು ಕಣ್ರೀ, ಬಂತು, ಅದು ಕತ್ತು ಮೇಲೆತ್ತಿ ನುಂಗಿತು, ಮತ್ತೆ ಎದ್ದಿತು, ಮತ್ತೆ ಬಂದಿತು, ಕೊಕ್ಕಲ್ಲಿ ಒದ್ದೆ ಪತಂಗ, ರೆಕ್ಕೆ ಇನ್ನೂ ಬಡಿಯುತ್ತಿರುವ ಒದ್ದೆ ಪತಂಗ, ಕೊಕ್ಕಲ್ಲಿ —